ಇತರೆ

ಈ ಊರಲ್ಲಿ ಯಾರ ಮನೆ ಮುರಿದರೂ
ಪಾದ್ರಿಗಿಂತ ಮೊದಲು ನನಗೆ ತಿಳಿಯುತ್ತದೆ.
ಇಪ್ಪತ್ತಾರು ವರ್ಷದಿಂದ ಇದೇ ವಿಮೆಯ ಮೇಜು.
ಕಿಟಕಿಯಾಚೆ ಸುಪೀರಿಯರ್ ಸರೋವರ,
ಮಾರ್ಚಿಯಲ್ಲೂ ಹೆಪ್ಪು ಬಿಡದ ಜಿಪುಣ.
"ಕಾರಿನ ಪಾಲಿಸಿಯಿಂದ ಒಂದು ಹೆಸರು ತೆಗೀಬೇಕಿತ್ತು"
ಅನ್ನುವ ಮುಂಚೆ ಜನ ಗಂಟಲು ಸರಿಮಾಡಿಕೊಳ್ಳುತ್ತಾರೆ.
ನಾನು ಕಾರಣ ಕೇಳುವುದಿಲ್ಲ. ತಾರೀಖು ಕೇಳುತ್ತೇನೆ.

ಮಂಗಳವಾರ ರೋಲಂಡ್ ಹಕಾಲಾ ಫೋನು ಮಾಡಿದ.
ಹಿಮ ಗುಡಿಸುವ ಲಾರಿ ಓಡಿಸುವವನು,
ಮಾತನ್ನೂ ಹಾಗೇ ರಸ್ತೆ ಬದಿಗೆ ತಳ್ಳುವವನು.
"ಡಾನೆಲ್ ಹೋದಳು. ಡುಲುತ್‌ಗೆ. ಕಾಗದ ಎಲ್ಲ ಆಯ್ತು."
ಕೀಲಿ ಒತ್ತಿದೆ. ಹತ್ತೊಂಬತ್ತು ವರ್ಷ
ಕುಂಯ್ ಎಂದು ಅಳಿಸಿಹೋಯಿತು.
"ಈಗ ಮನೆಯಲ್ಲಿ ಒಬ್ಬನೇ ತಾನೆ?"
"ಇಲ್ಲ, ಇಬ್ಬರು."
ಓಹೋ, ಇಷ್ಟು ಬೇಗ, ಅಂದುಕೊಂಡೆ.
"ಆರ್ಡಿಸ್ ಇದ್ದಾರಲ್ಲ, ಕೆಳಗೆ, ನೆಲಮಾಳಿಗೆಯಲ್ಲಿ."
"ಡಾನೆಲ್‌ಳ ಅಮ್ಮ ಆರ್ಡಿಸ್?"
"ಬೇರೆ ಆರ್ಡಿಸ್ ಯಾರಿದ್ದಾರೆ ಈ ಊರಲ್ಲಿ?"

ಸಂಬಂಧ ಏನು, ಎನ್ನುತ್ತದೆ ಪರದೆ.
ಕೆಳಗೆ ಉತ್ತರಗಳ ಏಣಿ:
ಪತಿ ಪತ್ನಿ, ಮಗ ಮಗಳು, ತಂದೆ ತಾಯಿ, ಅತ್ತೆ ಮಾವ,
ಬಾಡಿಗೆಯವರು, ಮನೆಗೆಲಸದವರು,
ತೀರಾ ತಳದಲ್ಲಿ, ಕಾಲೊರೆಸುವಲ್ಲಿ, ಇತರೆ.
ಹೋದ ತಿಂಗಳ ತನಕ ಆಕೆ ಬಂಧು.
ಆಕೆಯ ಹೊಲಿಗೆ ಯಂತ್ರ, ಅಕಾರ್ಡಿಯನ್,
ಫ್ರೀಜರಿನೊಳಗಿನ ಎಂಬತ್ತು ಪೌಂಡು ಜಿಂಕೆ ಮಾಂಸ,
ಎಲ್ಲಕ್ಕೂ ರೋಲಂಡನ ಪಾಲಿಸಿಯೇ ಕೊಡೆ.
ನ್ಯಾಯಾಧೀಶರ ಸಹಿ ಒಣಗಿದ್ದೇ ತಡ
ಕೊಡೆ ಮಡಚಿಕೊಂಡಿತು.
ನಾಳೆ ಕೊಳಾಯಿ ಒಡೆದು ನೀರು ನುಗ್ಗಿದರೆ
ಅವನ ಸೋಫಾ ನೆನೆದದ್ದು ನಷ್ಟ,
ಅವಳ ಅಕಾರ್ಡಿಯನ್ ನೆನೆದದ್ದು ಬರೀ ನೆನೆದದ್ದು.

ಹೇಳಿದೆ. ಆ ಕಡೆ ಮೌನ. ಆಮೇಲೆ
ಇನ್ನೊಂದು ರಿಸೀವರ್ ಎತ್ತಿದ ಕಟಕ್,
ಆಮ್ಲಜನಕದ ನಳಿಗೆಯ ಸುಯ್.
"ಬಾಡಿಗೆಯವಳು ಅಂತ ಬರಿ. ತಿಂಗಳಿಗೆ ಒಂದು ಡಾಲರ್ ಕೊಡ್ತೀನಿ."
"ಕೊಡೋದೇನೂ ಬೇಡ," ರೋಲಂಡ್.
"ಕೊಟ್ಟ ಹಾಗೆ ಬರಿ."
"ಹಾಗೆಲ್ಲ ಬರೆಯೋಕಾಗಲ್ಲ," ನಾನು.
"ನಿಮ್ಮಪ್ಪ ಆಗಿದ್ದಿದ್ರೆ ಬರೀತಿದ್ದ."
ಬರೆಯುತ್ತಿದ್ದ, ನಿಜ. ಅದಕ್ಕೇ ಲೈಸೆನ್ಸು ಹೋಗಿದ್ದು.

ಮಗಳ ಜೊತೆ ಯಾಕೆ ಹೋಗಲಿಲ್ಲ
ಎಂದು ಕೇಳುವ ಕಾಲಂ ನನ್ನ ಅರ್ಜಿಯಲ್ಲಿಲ್ಲ.
ಅವಳೇ ಹೇಳಿದಳು, ಸಿಟ್ಟಿನಲ್ಲೇ:
"ನನ್ನ ಮೊಣಕಾಲಿಗೆ ಈ ಹನ್ನೊಂದು ಮೆಟ್ಟಿಲು ಬಾಯಿಪಾಠ.
ಇವನೋ, ಬೆಳಗಿನ ಜಾವ ಮೂರಕ್ಕೆ ಹಿಮ ತಳ್ಳೋಕೆ ಹೊರಡ್ತಾನೆ,
ಕಾಫಿಗೆ ನೀರೆಷ್ಟು ಅಂತ ಇವತ್ತಿಗೂ ಗೊತ್ತಿಲ್ಲ."

ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆ
ಅಂಗಿ ತಿರುವಿ ಹಾಕಿಕೊಂಡು ಎದುರು ನಿಂತಿತು:
ಮಗಳ ಗಂಡ ಅಲ್ಲ,
ಅಳಿಯ.
ಅಳಿಯದೇ ಉಳಿದ ಅಳಿಯ.

ಕೊನೆಗೆ ಇತರೆ ಎಂದೇ ಒತ್ತಿದೆ.
ಅವಳ ಹೆಸರಿಗೆ ಬೇರೆ ಪಾಲಿಸಿ, ತಿಂಗಳಿಗೆ ಹದಿನಾಲ್ಕು ಡಾಲರ್,
ವಿಳಾಸ ಅದೇ.
ಅಕಾರ್ಡಿಯನ್‌ಗೆ ಎಷ್ಟು ಬೆಲೆ ಕಟ್ಟಲಿ?
"ಒಂದು ಮನೆ ಅಂಟಿಕೊಳ್ಳುತ್ತೆ, ಅದನ್ನ ಕಳೆದು ಬರಿ."
ಅವಳ ಎಂಬತ್ತೊಂದು ವರ್ಷ, ಹಳೇ ಬ್ಯೂಕ್ ಕಾರು,
ಈ ಮನೆಯ ಇನ್ನೊಬ್ಬ ಚಾಲಕಿ ಎಂದು ನಮೂದು.
ನವೆಂಬರಿನಲ್ಲಿ ಆ ಕಾರು ಕೆಡವಿದ ಅಂಚೆ ಡಬ್ಬಿ ಯಾರದು
ಎಂದು ಕೇಳಲೇಬೇಕಿತ್ತು, ಕೇಳಿದೆ.
"ನಮ್ಮದೇ," ಎಂದರು
ಎರಡೂ ರಿಸೀವರಿನಿಂದ, ಒಟ್ಟಿಗೆ.

ಫೋನಿಟ್ಟೆ. ಗೋಡೆ ಮೇಲೆ ನಾನೇ ಅಂಟಿಸಿದ ಚೀಟಿ:
ಮನೆಗೆ ಯಾರೇ ಬರಲಿ, ಯಾರೇ ಹೋಗಲಿ,
ಮೂವತ್ತು ದಿನದೊಳಗೆ ತಿಳಿಸಿ.
ನನ್ನ ಸ್ವಂತ ಪಾಲಿಸಿಯಲ್ಲಿ ಒಬ್ಬಳೇ ಎಂದಿದೆ.
ಜನವರಿಯಿಂದ ಹಿಂಬಾಗಿಲ ಚಾಪೆಯ ಮೇಲೆ
ಇನ್ನೊಂದು ಜೊತೆ ಬೂಟು, ಹನ್ನೆರಡನೇ ಅಳತೆ,
ದಿನಾ ಸಂಜೆ ತಮ್ಮಷ್ಟಕ್ಕೆ ಹಿಮ ಕರಗಿಸುತ್ತಾ ಕೂತಿರುತ್ತವೆ.

ಸಂಬಂಧ?
ಪರದೆ ಮಿಣುಕುತ್ತದೆ. ಐದು ಹೊಡೆಯಿತು.
ನಾಳೆ ನೋಡಿದರಾಯಿತು.