ಒಂದು ಲೀಟರ್ ತುಂಗೆ

ತೀರ್ಥಹಳ್ಳಿಯ ಕೆಳಗಿನ ಮಡುವಿಗೆ
ಬಲೆ ಇಳಿಸುವ ಹಾಗಿಲ್ಲ, ಗಾಳವೂ ಇಲ್ಲ.
ಮತ್ಸ್ಯಧಾಮದ ಹಳದಿ ಬೋರ್ಡು ಇದೆ.
ಅದಕ್ಕೇ ಒಂದು ಲೀಟರ್ ನೀರು.
ನಫೀಸಾ ಮೇಡಂ ಕೈಗವಸು ಹಾಕಿ ಬಗ್ಗುತ್ತಾರೆ,
ನಾನು ಐಸ್ ಡಬ್ಬಿ ಹಿಡಿದು ಬಂಡೆಯ ಮೇಲೆ.
ಬೀಡಿ ಹಚ್ಚಬೇಡ, ಸೀನಲೂಬೇಡ, ಎಂದಿದ್ದಾರೆ.

ಕಾಗದಕ್ಕಿಂತ ತೆಳು ಜಾಲರಿಯಲ್ಲಿ
ಹೊಳೆ ತೊಟ್ಟಿಕ್ಕುತ್ತದೆ, ಮುಕ್ಕಾಲು ಗಂಟೆ.
ಉಳಿಯುವುದು ಚಹಾ ಸೋಸಿದ ಬಟ್ಟೆಯಂಥ ಕಲೆ.
ಅದರಲ್ಲಿದೆಯಂತೆ ಎಲ್ಲ:
ಉದುರಿದ ಹುರುಪೆ, ಲೋಳೆ, ಉಚ್ಚೆ,
ನಿನ್ನೆ ರಾತ್ರಿ ಹಾದುಹೋದವರು.

ಹರಿಗೋಲಿನ ಬೂದ್ಯಪ್ಪ ನಕ್ಕ:
ಮೀನು ಕಾಣದೆ ಮೀನು ಎಣಿಸ್ತೀರಾ?
ನಮ್ಮಜ್ಜಿ ಮಜ್ಜಿಗೆ ಮೂಸಿ
ಯಾವ ಎಮ್ಮೇದು ಅಂತ ಹೇಳ್ತಿದ್ಲು, ಅಂಥದ್ದೇ ಬಿಡಿ.

ಮೂರು ತಿಂಗಳಿಗೆ ಪಟ್ಟಿ ಬಂತು.
ಹರಗಿ ಇತ್ತು, ಸುರಗಿ ಇತ್ತು, ನೀರುನಾಯಿ ಇತ್ತು,
ಕೋಳಿಯೂ ಇತ್ತು, ಮೇಲಿನೂರಿನ ಮದುವೆಯದಿರಬೇಕು.
ಮನುಷ್ಯ ಎಂಬ ಸಾಲನ್ನು ಮೇಡಂ ಹೊಡೆದುಹಾಕಿದರು,
ಅದು ಯಾವಾಗಲೂ ಬರುತ್ತದೆ, ಲೆಕ್ಕಕ್ಕಿಲ್ಲ.
ಕೊನೆಗೆ, ನಾಲ್ಕೇ ಅಕ್ಷರ ಹಿಂದುಮುಂದಾಗಿ ಉದ್ದಕ್ಕೆ ಹರಿದ ಒಂದು ಸಾಲು
ಜಗತ್ತಿನ ಯಾವ ಹೆಸರಿಗೂ ಕೂಡಿಬರಲಿಲ್ಲ.

ಓದಿ ಹೇಳಿದೆ.
ಹರಿಗೋಲಿಗೆ ಟಾರು ಮೆತ್ತುತ್ತಿದ್ದ ಕೈ ನಿಂತಿತು.
ಕಲ್ಲಡಿ ಮುದುಕಿ ಇರ್ಬೇಕು, ಎಂದ.
ಮೊದಲ ಕೆನ್ನೀರಿಗೆ ಒಂದೇ ರಾತ್ರಿ ಮೇಲೆ ಬರ್ತಾಳೆ,
ಬೆನ್ನಿಗೆ ಅರಿಶಿನದ ಗೀರು.
ಎರಡು ಸಲ ಕಂಡಿದ್ದೀನಿ.

ಹೆಸರು ಕೂಡಿಸಲು ಮೀನೇ ಬೇಕು, ಎಂದರು ಮೇಡಂ,
ಒಂದಾದರೂ, ಕೈಯಲ್ಲಿ.
ಬೂದ್ಯಪ್ಪ ಬೋರ್ಡಿನ ಕಡೆ ನೋಡಿದ,
ಟಾರಿನ ಕೈ ಲುಂಗಿಗೆ ಒರೆಸಿಕೊಂಡ.

ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ: ಮುದುಕಿ.
ಕೆನ್ನೀರು ಬರಲು ಇನ್ನೂ ಹನ್ನೊಂದು ದಿನ.
ಸೀಸೆ ತೊಳೆದು ಬೋರಲು ಹಾಕಿದ್ದೇನೆ.