ಅರ್ಧ ಕೂಲಿಯ ಕೆ

ಅಕ್ಷರಕ್ಕೆ ಎಂಟು ರೂಪಾಯಿ ಆಗ ನನ್ನ ರೇಟು.
ಕನ್ನಡವಾದರೆ ಒತ್ತಕ್ಷರಕ್ಕೆ ಮೇಲೆರಡು,
ದೀರ್ಘಕ್ಕೆ, ಕೊಂಬಿಗೆ ನಾನು ಕಾಸು ಕೇಳಿದವನಲ್ಲ.
ಶಿವಮೊಗ್ಗದ ಓ.ಟಿ. ರಸ್ತೆ, ಸಾ ಮಿಲ್ಲಿನ ಪಕ್ಕ,
ಸಾಣೆ ಹಿಡಿಯುವ ದಸ್ತಗೀರ್ ಸಾಬರಿಗೆ
ಇಂಗ್ಲಿಷ್ ಬೋರ್ಡು ಬೇಕಾಯಿತು.
ಬಸ್ ಸ್ಟ್ಯಾಂಡಿನೆದುರು ಹೊಸದಾಗಿ ಎದ್ದ ಲಾಡ್ಜಿನ ಮ್ಯಾನೇಜರು
ಬೋರ್ಡಿಲ್ಲದವನ ಕೈಗೆ ಅಡಿಗೆಮನೆ ಚಾಕು ಕೊಡಲ್ಲ ಅಂದನಂತೆ.

ತಗಡಿಗೆ ಬಿಳಿ ಹೊಡೆದು, ನೀಲಿ ದಾರ ಚಿಮ್ಮಿ ಗೆರೆ ಎಳೆದು
ಸೀಸದಕಡ್ಡಿಯಲ್ಲಿ ಐದು ಅಕ್ಷರ ಕೂರಿಸಿದೆ.
ಸಾಬರು ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಬೆರಳಿಟ್ಟು ಎಣಿಸಿದರು.
‘ಓದು’ ಅಂದರು.
‘ನೈಫ್’ ಅಂದೆ.
‘ಮತ್ತೆ ಈ ಮೊದಲನೇದು?’
‘ಅದು ಕೆ. ಅದನ್ನ ಓದೋದಿಲ್ಲ.’
‘ಓದೋದಿಲ್ಲ ಅಂದಮೇಲೆ ಬರೆಯೋದು ಯಾಕೆ?
ಬಾಯೇ ಬಿಡದವನಿಗೆ ನಾನ್ಯಾಕೆ ಕೂಲಿ ಕೊಡಲಿ ಹಾಲೇಶಿ?’
ಕೊನೆಯ ಇ ಕೂಡ ಹಾಗೇ ಬಾಯಿ ಮುಚ್ಚಿ ಕೂತಿದೆ
ಅಂತ ನಾನು ಹೇಳಲಿಲ್ಲ. ಹೊಟ್ಟೆಪಾಡು.

ನಾನು ಓದಿದ್ದು ಏಳು. ನನ್ನ ಇಂಗ್ಲಿಷೆಲ್ಲ
ಬೇರೆಯವರ ಚೀಟಿ ನೋಡಿ ತಿದ್ದಿದ್ದು:
ಹಲ್ಲಿನ ಡಾಕ್ಟರು, ಟೈಪಿಂಗ್ ಕ್ಲಾಸು, ನಾಯಿ ಇದೆ ಎಚ್ಚರಿಕೆ.
ಸಂಜೆ ಫಿಲೊಮಿನಾ ಟೀಚರ ಮನೆಗೆ ಸೈಕಲ್ ಹೊಡೆದೆ.
ಟೀಚರು ಸ್ವೆಟರ್ ಹೆಣೆಯುತ್ತ ಕೂತಿದ್ದರು,
ಕಡ್ಡಿ ನಿಲ್ಲಿಸದೆ ನಕ್ಕರು.

‘ನಿಟ್ ಅಂದರೆ ಇದೇ, ಹೆಣೆಯೋದು. ಇದರ ಮುಂದೂ ಒಂದು ಕೆ.
ಕಳಚಿಬಿಡು, ಆಗಲೂ ನಿಟ್ಟೇ. ಅರ್ಥ ಮಾತ್ರ ತಲೆಯ ಸೀರು.’
ನೀ ಅಂದರೆ ಮೊಣಕಾಲು.
ನಾಟ್ ಅಂದರೆ ಗಂಟು, ದಾರದ್ದೂ ಹೌದು, ಹಲಗೆಯದ್ದೂ ಹೌದು,
ಗರಗಸದ ಹಲ್ಲು ಮುರಿಯುತ್ತಲ್ಲ, ಅದು.
ನಾಕ್ ಅಂದರೆ ಕದ ತಟ್ಟು, ಎಷ್ಟು ಸಲ ಅಂತ ಲೆಕ್ಕವಿಲ್ಲ.
ನೀಡ್ ಅಂದರೆ ಹಿಟ್ಟು ನಾದು.
ನಮ್ಮವ್ವ ನಾದುತ್ತಲೂ ಇದ್ದಳು, ನೀಡುತ್ತಲೂ ಇದ್ದಳು,
ಎರಡಕ್ಕೂ ಒಂದೇ ಮಾತು ಸಾಕಾಗಿತ್ತು ಅಂತ ಅವಳಿಗೆ ಗೊತ್ತಿರಲಿಲ್ಲ.
ನೈಟ್ ಅಂದರೆ ಕುದುರೆ ಏರಿದ ಸರದಾರ;
ಕೆ ಬಿದ್ದರೆ ಕುದುರೆಯೂ ಇಲ್ಲ, ಸರದಾರನೂ ಇಲ್ಲ, ಬರೀ ರಾತ್ರಿ.
ನೋ ಅಂದರೆ ತಿಳಿ.
ಕಿವಿಗೆ ಮಾತ್ರ ಯಾರೋ ‘ಇಲ್ಲ’ ಅಂದ ಹಾಗೆ.

ನೆಲ್ ಅನ್ನುವಾಗ ಕಡ್ಡಿ ನಿಂತಿತು.
‘ಸತ್ತವರಿಗೆ ಬಾರಿಸುವ ಗಂಟೆ.
ಇವರು ಹೋದಾಗ ನಮ್ಮ ಇಗರ್ಜಿಯಲ್ಲಿ ಬಾರಿಸಿದ್ದು.’
ಅದಕ್ಕೂ ಕೆ ಇದೆಯಾ ಅಂತ ಕೇಳಬಾರದಿತ್ತು.
ಕೇಳಿದೆ.

ಹೊರಡುವಾಗ ಮೆಟ್ಟಿಲವರೆಗೆ ಬಂದರು:
‘ಸಾಬರಿಗೆ ಹೇಳು, ನಾನೂರು ವರ್ಷದ ಹಿಂದೆ
ಇಂಗ್ಲಿಷಿನವರೂ ಕೆ ಸೇರಿಸಿಯೇ ಅನ್ನುತ್ತಿದ್ದರು.
ಆಮೇಲೆ ನಾಲಿಗೆ ಸೋಮಾರಿಯಾಯಿತು,
ಕೈ ಆಗಲಿಲ್ಲ.’

ಸಾಬರು ಕೇಳಿ, ಕಲ್ಲನ್ನು ಒಂದು ಸುತ್ತು ಸುಮ್ಮನೆ ತಿರುಗಿಸಿದರು.
‘ಹಂಗಾದರೆ ದುಡಿದು ಬಿಟ್ಟ ಮುದುಕ ಅನ್ನು.
ಪಿಂಚಣಿ ಕೊಡೋಣ. ಅರ್ಧ.’
ನಾಲ್ಕು ರೂಪಾಯಿಗೆ ನಾಲ್ಕು ರೂಪಾಯಿಯ ಕೆ ಬರೆದೆ:
ಸುತ್ತ ಕಪ್ಪು ಗೆರೆ, ಒಳಗೆ ಖಾಲಿ.
ಉಳಿದ ನಾಲ್ವರಿಗೆ ಹೊಟ್ಟೆ ತುಂಬ ಕೆಂಪು.

ಕೆಂಪು ಬಿಸಿಲಿಗೆ ನಿಲ್ಲುವ ಬಣ್ಣವಲ್ಲ.
ನನಗದು ಗೊತ್ತಿತ್ತು, ಅವರು ಕೇಳಲಿಲ್ಲ.

ಫ್ಲೆಕ್ಸ್ ಬಂತು. ನನ್ನ ಬ್ರಶ್ಶು ಡಬ್ಬಿಯಲ್ಲೇ ಕಲ್ಲಾಯಿತು.
ಮೊನ್ನೆ ಆ ದಾರಿಯಲ್ಲಿ ಹೋದೆ,
ನೀ ಹಿಡಿದುಕೊಂಡು, ಅಂದರೆ ಮೊಣಕಾಲು.
ಸಾಬರಿಲ್ಲ. ಕಲ್ಲು ತಿರುಗಿಸುವುದು ಸೊಸೆ ಶಮೀಮ್,
ಕಿಡಿ ಹಾರಿದರೂ ಕಣ್ಣು ಮಿಟುಕಿಸದವಳು.
ತಲೆಯ ಮೇಲೆ ಅದೇ ತಗಡು. ಕೆಂಪೆಲ್ಲ ಬಿಳಿಚಿ
ಬಿಳಿಯೊಳಗೆ ಬಿಳಿಯಾಗಿದೆ.
ಕತ್ತರಿ ತಂದ ಟೈಲರ್ ಹುಡುಗನಿಗೆ ಫೋನು ಬಂತು,
ಎಲ್ಲಿದೀಯ ಅಂತಿರಬೇಕು.

‘ಇಲ್ಲೇ ಕಣೋ, ಸಾ ಮಿಲ್ ಹತ್ರ,
ಕೆ ಅಂಗಡಿ.’