ಬೈನಾದ ಖಾನಾವಳಿಯೊಳಗ ತಂಡ ಕಟ್ಟಿದ್ದು

ಡಬ್ಬಿಯೊಳಗ ಮೂವತ್ತೊಂದು ಸಾವಿರದ ನಾಕನೂರು.
ಎಣಿಸಿದಾಕಿ ನಾನು, ಎರಡು ಸಲ, ಉಗುಳು ಹಚ್ಚಿ.
ಅಗ್ನೆಲ್ ಮಾಸ್ತರ ಟೇಬಲ್ ಮ್ಯಾಲಿನ ಉಪ್ಪಿನ ಬಟ್ಟಲ ಸರಿಸಿದ:
"ಶಾರವ್ವ, ಇಂವ ಚೆಂಡ ಒಗಿಯಾಂವ.
ಮೊದಲ ಇವನ್ನ ತರಬೇಕು."

ಒಗಿಯಾಂವ ಅಂದ್ರ ಪಣಜಿಯ ಗ್ಲೆನ್ ಫುರ್ತಾದೊ.
ಐವತ್ತು ಗಜ ದೂರದ ತೆಂಗಿನ ಗಿಡಕ್ಕ ತಾಕಸತಾನಂತ.
ಅವನ ಪೆಟ್ರೋಲಿಗೆ ರೊಕ್ಕ, ಬೂಟಿಗೆ ರೊಕ್ಕ,
ಬೆನ್ನಿಗೆ ಹೆಸರು ಬರದ ಅಂಗಿಗೆ ರೊಕ್ಕ.

ಅಮೆರಿಕಾದವರ ಫುಟ್‌ಬಾಲು. ಹೆಸರಿಗಷ್ಟ ಕಾಲು,
ಉಳದದ್ದೆಲ್ಲಾ ಕೈ, ಹೆಗಲು.
ಅದರ ಕಾಯದೆ ನನಗ ಗೊತ್ತಿಲ್ಲ.
ಆದ್ರ ಇಪ್ಪತ್ತು ವರ್ಷ ರೊಟ್ಟಿ ಬಡದೇನಿ
ಬಂದರದ ಹಮಾಲರಿಗೆ.
ಯಾಂವ ಹಸಿದು ಜಗಳಾಡತಾನ,
ಯಾಂವ ಹಸಿದರೂ ಬಾಜೂಕಿನವನ ತಾಟಿಗೆ ಮೊದಲ ಪಲ್ಯಾ ದಾಟಸತಾನ
ಅದು ಗೊತ್ತೈತಿ.

"ಒಗಿಯಾಕ ಎಷ್ಟ ಹೊತ್ತು ಬೇಕು ಮಾಸ್ತರ?"
"ನಾಕು ಸೆಕೆಂಡು."
"ಆ ನಾಕು ಸೆಕೆಂಡು ಯಾರು ಕೊಡತಾರ?"
ಮಾಸ್ತರ ಉಪ್ಪಿನ ಮುಂದ ಐದು ಹಸಿಮೆಣಸಿನಕಾಯಿ ಸಾಲಿಟ್ಟ.
ನಡುವಿನಾಂವ ಚೆಂಡ ಹಿಂದಕ್ಕ ದಾಟಸತಾನ, ಅಷ್ಟ.
ಆಮ್ಯಾಲೆ ಐವರೂ ನಿಲ್ಲೂದು, ತಡಿಯೂದು,
ಬೀಳೂದು, ಏಳೂದು.
ಪೇಪರಿನ್ಯಾಗ ಫೋಟೋ ಬರಂಗಿಲ್ಲ.

ಇಂಥಾವ್ರು ನನ್ನಲ್ಲಿ ದಿನಾ ಉಣತಾರಲ್ಲ!
ಫಕೀರೇಶ, ಲಮಾಣಿ ತಾವರೆಪ್ಪ, ಮೋದಿನಸಾಬ,
ನರಗುಂದದ ಅವಳಿ, ಭರಮ ಮತ್ತ ಯಂಕಪ್ಪ.
ಮಳಿಗಾಲದಾಗ ಅದಿರಿನ ಟ್ರಕ್ಕು ಹುಗದಾಗ
ಹಿಂದ ನಿಂತು ಭುಜಾ ಕೊಟ್ಟಾವರು ಇವರ.
ಡ್ರೈವರ ಹಾರ್ನ್ ಹೊಡಕೋತ ಹೋದ,
ತಿರುಗಿ ನೋಡಲಿಲ್ಲ.

ಬರಕೊಂಡೆ: ಹೆಲ್ಮೆಟ್ ಐದು, ಮೊದಲ.
ಹೆಗಲಿನ ದಪ್ಪ ಪಟ್ಟಿ ಐದು, ಹಳೇ ಗಾದಿಯ ಫೋಮಿಂದ;
ಮಾಂಗೋರ್ ಹಿಲ್ಲಿನ ದರ್ಜಿ ಬೆಳಗಾಗೂ ತನಕ ಹೊಲದ.
ತತ್ತಿ, ಶೇಂಗಾ, ಮೂರು ತಿಂಗಳದ್ದು.
ಉಳದವರಿಗೆ ಸದ್ಯಕ್ಕ ಬಾಡಿಗಿ ಸಾಮಾನು.

"ಎಡಕ್ಕ, ತುದಿಗೆ ಯಾರು?"
ಒಗಿಯಾಂವಗ ಅತ್ತಾಗ ಕಣ್ಣಿರಂಗಿಲ್ಲ. ಬೆನ್ನು ಅದು.
ಮೋದಿನಸಾಬ, ಅಂದೆ.
ಹೋದ ವರ್ಷ ಉದ್ರಿ ತೀರಿಸೂ ತನಕ
ಅಂವ ನನ್ನ ಮಾರಿ ನೋಡಿ ಮಾತಾಡಿಲ್ಲ.

ಉಳದದ್ದು ಎಂಟನೂರಾ ಅರವತ್ತು.
ಅಷ್ಟಕ್ಕ ಗ್ಲೆನ್ ಬರತಾನೇನು?
ಬಂದಾಂವ ಕ್ಷೌರದಂಗಡಿಯ ಪೋರ ಚಿದಾನಂದ.
ಮೂವತ್ತು ಗಜದ ತೋಳು, ಗಾಳಿ ಅನುಕೂಲಿದ್ರ.

ಆದಿತವಾರ, ಚಿಕಲಿಯ ಬಯಲು.
ಚಿದಾನಂದ ಚೆಂಡ ಹಿಡದು ನಿಂತ.
ಮುಂದ ಮಣ್ಣು, ಬೈಗುಳ, ಐದು ಬೆನ್ನು.
ಒಂದು. ಎರಡು. ಮೂರು. ನಾಕು.
ಐದು.
ಯಾರೂ ಅವನ್ನ ಮುಟ್ಟಲಿಲ್ಲ.
ಅಷ್ಟ ಹೊತ್ತು ಜೀವಮಾನದಾಗ
ಯಾರೂ ಅವಗ ಕೊಟ್ಟಿರಲಿಲ್ಲ;
ಏನು ಮಾಡಬೇಕಂತ ತಿಳೀದ
ಚೆಂಡ ಅವುಚಿಕೊಂಡು ನಿಂತ ಬಿಟ್ಟ.

ಮಾಸ್ತರ ತಲಿ ಹಿಡಕೊಂಡ.
ನಾನು ಡಬ್ಬಿ ತಗದು ಮತ್ತೊಮ್ಮೆ ಎಣಿಸಿದೆ.
ಆತು.
ಇನ್ನ ತೋಳಿನ ಪಾಳಿ.